ಹೆಣ್ಣಿನ ಫೋನು ಯಾರ ಸ್ವತ್ತು?



ಸಂಘದ ಸಭೆ, ಸಾಲದ ಕಂತು, ಎಲ್ಲವೂ ಈಗ ವಾಟ್ಸಾಪ್ ಗುಂಪಿನಲ್ಲೇ ತಿಳಿಯುತ್ತವೆ. ರೊಟ್ಟಿ, ಹಪ್ಪಳ, ಚಟ್ನಿಪುಡಿ ಬೇಕೆಂದು ಗಿರಾಕಿಗಳು ಕೇಳುವುದೂ ಅದೇ ನಂಬರಿಗೆ. ಅತ್ತೆ ಮನೆಯವರ ಗುಂಪು, ತವರಿನ ಗುಂಪು ಕೂಡ ಅಲ್ಲೇ. ಸೊಸೆ, ಸಂಘದ ಪ್ರತಿನಿಧಿ, ವ್ಯಾಪಾರ ಮಾಡುವವಳು, ಈ ಮೂವರೂ ಒಂದೇ ಫೋನಿನಲ್ಲಿ ಇರಬೇಕಾಗಿದೆ. ‘ರಾತ್ರಿ ಮೆಸೇಜ್ ಕಳಿಸಿದ ಗಂಡಸು ಯಾರು? ನಿನ್ನ ಫೋಟೊ ಏಕೆ ಹಾಕಿದೆ? ಪಾಸ್‌ವರ್ಡ್ ಹೇಳು’ ಎಂದು ಜಗಳ ಶುರುವಾಗುತ್ತದೆ. ಕೊನೆಗೆ ಫೋನು ಕಸಿದುಕೊಳ್ಳುತ್ತಾರೆ, ಸಂಪಾದನೆಯೂ ನಿಲ್ಲುತ್ತದೆ.

ಇದು ಕಾಳಜಿಯಲ್ಲ, ಹತೋಟಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೊಡೆತ ಮಾತ್ರವಲ್ಲ, ಮಾತಿನ, ಮಾನಸಿಕ ಹಾಗೂ ಆರ್ಥಿಕ ಹಿಂಸೆಯೂ ದೌರ್ಜನ್ಯವೇ.

‘ಮನೆಯ ವಿಷಯ ಖಾಸಗಿ’ ಎಂದು ವರದಕ್ಷಿಣೆ ಹಿಂಸೆಯನ್ನು ಮುಚ್ಚಿಟ್ಟವರೇ, ಹೆಣ್ಣಿಗೆ ಮಾತ್ರ ಖಾಸಗಿಯೆಂಬುದು ಏನೂ ಇರಬಾರದು ಎನ್ನುತ್ತಾರೆ. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಅದರ ಹೆಸರಿನಲ್ಲಿ ಮನೆಯೊಳಗಿನ ದೌರ್ಜನ್ಯವನ್ನು ಮುಚ್ಚಬಾರದೆಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ. ನಮಗೆ ಎರಡೂ ಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ವ್ಯಾಪಾರಕ್ಕೆ ಸಂಘದ ಹೆಸರಿನಲ್ಲೇ ಒಂದು ನಂಬರು ಇರಲಿ. ಅದನ್ನು ಸದಸ್ಯರು ಸರದಿಯಂತೆ ನೋಡಿಕೊಳ್ಳಲಿ. ಗಿರಾಕಿಗೆ ನಮ್ಮ ಮುಖದ ಬದಲು ನಮ್ಮ ಹಪ್ಪಳದ ಚಿತ್ರ ಕಾಣಲಿ. ಸ್ವಂತ ಫೋಟೊ ಯಾರಿಗೆ ಕಾಣಬೇಕೆಂದು ಸೆಟ್ಟಿಂಗ್ಸ್‌ನಲ್ಲಿ ನಾವೇ ತೀರ್ಮಾನಿಸಬಹುದು. ನಮ್ಮ ವಾಟ್ಸಾಪ್ ಬೇರೆ ಫೋನಿನಲ್ಲೂ ತೆರೆದಿದೆಯೇ ಎಂಬುದು ‘ಲಿಂಕ್ಡ್ ಡಿವೈಸಸ್’ ಒತ್ತಿದರೆ ತಿಳಿಯುತ್ತದೆ. ಆದರೆ ಅವಸರದಿಂದ ಅದನ್ನು ಕಡಿದರೆ ಮನೆಯಲ್ಲಿ ಹಿಂಸೆ ಹೆಚ್ಚಬಹುದು. ಮೊದಲು ನಂಬಿಕೆಯ ಗೆಳತಿಗೆ ಹೇಳಿ, ಬೆದರಿಕೆಯ ಮೆಸೇಜುಗಳನ್ನು ಉಳಿಸಿಟ್ಟುಕೊಳ್ಳಿ. ಸಹಾಯಕ್ಕೆ 181 ಇದೆ.

ಇನ್ನೊಂದು ಮಾತು. ಒಬ್ಬ ಸದಸ್ಯೆಯ ಕಷ್ಟವನ್ನು ಗುಂಪಿನಲ್ಲಿ ಬರೆಯಬೇಡಿ. ಅದು ಅವಳ ಗಂಡನ ಕೈ ಸೇರಲು ಒಂದು ಸ್ಕ್ರೀನ್‌ಶಾಟ್ ಸಾಕು. ಅವಳ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು ಕೇಳಿ.

ಸಂಘಕ್ಕೆ ಬರಲು ಹೊಸಿಲು ದಾಟಿದ ದಿನ ನಾವು ಯಾರ ಪಾಸ್‌ವರ್ಡನ್ನೂ ಕೇಳಲಿಲ್ಲ. ಈಗ ನಮ್ಮದನ್ನು ಕೊಡುವುದೂ ಬೇಡ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆಗೆ ಈ ವಿಷಯವನ್ನೂ ಚರ್ಚಿಸೋಣ.