ಕಪ್ಪು ಪರದೆ ಕಂಡ ಕೂಡಲೇ ಲಿನಕ್ಸ್ ಬಿಡಬೇಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಉಚಿತ ಬೆಂಬಲ ನಿಂತಿತು. ಎಷ್ಟೋ ಹಳೇ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ರ ಷರತ್ತಿಗೆ ಹೊಂದಲ್ಲ. ಹಾಗಾಗಿ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ ಲಿನಕ್ಸ್ ಮಾತು ಬಂದಿದೆ, ಬರಲಿ. ಆದರೆ ಬಹಳ ಮನೆಗಳಲ್ಲಿ ಇರೋದು ಒಂದೇ ಲ್ಯಾಪ್‌ಟಾಪ್. ತಂಗಿಯ ಪ್ರಾಜೆಕ್ಟು, ಅಪ್ಪನ ಜಮೀನಿನ ಕಾಗದ ಎಲ್ಲ ಅದರಲ್ಲೇ. ಅದನ್ನ ಒರೆಸಿ ಪ್ರಯೋಗ ಮಾಡೋದು ಬೇಡ. ಮೊದಲು ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ವರ್ಚುವಲ್ ಮಷೀನ್ ಮಾಡಿ, ಅಲ್ಲಿ ಕೆಡಿಸಿ, ಅಲ್ಲೇ ಕಲಿಯಿರಿ.

ಅದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ಅದರ ಹಾರ್ಡ್ ಡಿಸ್ಕ್ ಅನ್ನೋದು ನಿಮ್ಮ ವಿಂಡೋಸ್ ಒಳಗಿನ ಒಂದು ಫೈಲು, ಅಷ್ಟೇ. ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಪೂರ್ತಿ ಅಳಿಸಲೇ?' ಅಂತ ಕೇಳಿದರೆ ಎದೆ ಧಸಕ್ ಅನ್ನುತ್ತೆ. ವರ್ಚುವಲ್‌ಬಾಕ್ಸ್ ಕಿಟಕಿಯೊಳಗೆ ಇದ್ದೀರಿ ಅಂತ ಖಾತ್ರಿ ಇದ್ದರೆ ಧೈರ್ಯವಾಗಿ ಹೂಂ ಅನ್ನಿ. ಅಳಿಯೋದು ಆ ಫೈಲು ಮಾತ್ರ.

ಹೆಚ್ಚು ಜನ ಸೋಲೋದು ಶುರುವಿನಲ್ಲೇ. ಹೊಸ ಮಷೀನ್ ಮಾಡುವಾಗ ಪಟ್ಟಿಯಲ್ಲಿ 32 ಬಿಟ್ ಮಾತ್ರ ಕಾಣುತ್ತೆ, ಇಲ್ಲವೇ 'ವೀಟಿ-ಎಕ್ಸ್ ಡಿಸೇಬಲ್ಡ್' ಅಂತ ಬರುತ್ತೆ. ಇದು ಲಿನಕ್ಸ್ ತಪ್ಪಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ನೋಡಿ. ವರ್ಚುವಲೈಸೇಶನ್ ಆಫ್ ಆಗಿದ್ದರೆ ಬಯಾಸ್‌ಗೆ ಹೋಗಿ ಆನ್ ಮಾಡಬೇಕು. ಇಂಟೆಲ್‌ನಲ್ಲಿ ಅದರ ಹೆಸರು ವೀಟಿ-ಎಕ್ಸ್, ಎಎಮ್‌ಡಿಯಲ್ಲಿ ಹೆಚ್ಚಾಗಿ ಎಸ್‌ವಿಎಮ್. ಆನ್ ಇದ್ದೂ ಮಷೀನ್ ತೆವಳುತ್ತಿದ್ದರೆ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಹಸಿರು ಆಮೆ ಕೂತಿದ್ದರೆ (ತಮಾಷೆಯಲ್ಲ, ನಿಜವಾಗ್ಲೂ ಆಮೆಯ ಚಿತ್ರ!) ವಿಂಡೋಸ್‌ನ ಹೈಪರ್-ವಿ ದಾರಿಗೆ ಅಡ್ಡ ಇದೆ ಅಂತ ಅರ್ಥ. ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿಯಿಂದಲೂ ಹೀಗಾಗುತ್ತೆ. ಅದು ಭದ್ರತೆಯ ಏರ್ಪಾಡು, ಆರಿಸಿದರೆ ಕೆಲಸ ಮುಗಿದ ಮೇಲೆ ಮತ್ತೆ ಹಾಕಿ. ಆಮೆ ನೋಡಿ 'ಲಿನಕ್ಸ್ ಸ್ಲೋ' ಅಂತ ತೀರ್ಪು ಕೊಡೋದು ಅನ್ಯಾಯ.

ಇನ್ನೊಂದು, ಎಲ್ಲ ಮುಗಿದು ರೀಸ್ಟಾರ್ಟ್ ಮಾಡಿದರೆ ಮತ್ತೆ ಇನ್‌ಸ್ಟಾಲ್ ಪರದೆಯೇ ಬರೋದು. ಐಎಸ್‌ಒ ಫೈಲು ಇನ್ನೂ ಡ್ರೈವಿನಲ್ಲೇ ಕೂತಿದೆ. ಮಷೀನ್ ಆಫ್ ಮಾಡಿ, ಸ್ಟೋರೇಜ್‌ನಲ್ಲಿ ಅದನ್ನ ತೆಗೆದುಬಿಡಿ. ಅರ್ಧಕ್ಕೇ ಓದುವ ದೋಷ ಬಂದರೆ ಐಎಸ್‌ಒ ಮೇಲೇ ಅನುಮಾನ ಪಡಿ. ನೆಟ್‌ವರ್ಕ್ ಬಂದು ಹೋಗಿ ಮಾಡುವ ಊರುಗಳಲ್ಲಿ ಡೌನ್‌ಲೋಡ್ ಕೆಟ್ಟಿರಬಹುದು. ಟೊರೆಂಟ್ ಮೂಲಕ ಇಳಿಸಿದರೆ ಒಂದೊಂದು ತುಂಡನ್ನೂ ಅದೇ ತಾಳೆ ನೋಡಿಕೊಳ್ಳುತ್ತೆ. ನಿಮ್ಮ ಯಂತ್ರಕ್ಕೇ 4 ಜಿಬಿ ರ್‍ಯಾಮ್ ಇದ್ದರೆ ಉಬುಂಟು ಹಟ ಬಿಡಿ, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2 ಜಿಬಿ ಕೊಟ್ಟು ನೋಡಿ.

'ಬರ್ತಾ ಇಲ್ಲ' ಅಂತ ಸಹಾಯ ಕೇಳಿದರೆ ಯಾರಿಗೂ ಏನೂ ತಿಳಿಯಲ್ಲ. ಪರದೆಯ ಮೇಲಿನ ಸಾಲನ್ನ ಇದ್ದ ಹಾಗೇ ಬರೆದುಕೊಳ್ಳಿ, ಫೋಟೋ ಆದರೂ ಸೈ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ ಅಂತ ನಾವು ಬ್ಯಾಂಕಿನವರು ಲೆಡ್ಜರ್ ಹರಿದುಹಾಕ್ತೀವಾ? ವ್ಯತ್ಯಾಸ ಎಷ್ಟು, ಯಾವ ಸಾಲಿನಿಂದ ಅಂತ ಹುಡುಕ್ತೀವಿ. 'ಎಲ್ಲ ತೆಗೆದು ಮತ್ತೆ ಹಾಕು' ಅನ್ನುವ ವೀಡಿಯೋಗಳು ನಿಮಗೆ ಏನೂ ಕಲಿಸಲ್ಲ.

ಭಾಷೆಯ ಮಾತೂ ಇದೆ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಬರೀ ಅಕ್ಷರದ ಇನ್‌ಸ್ಟಾಲ್ ತೆಗೆದುಕೊಂಡರೆ ಕಾಣಲ್ಲ, ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿ. ಟೈಪಿಂಗ್‌ಗೆ ಕಗಪ, ಇನ್‌ಸ್ಕ್ರಿಪ್ಟ್ ಎರಡೂ ಸಿಗುತ್ತವೆ. ಅಕ್ಷರಕ್ಕೆ ಗುಬ್ಬಿ, ನವಿಲು ಫಾಂಟ್‌ಗಳಿವೆ. ಶಾಲೆಯಲ್ಲಿ ಕನ್ನಡ ಸಿಗದವರೂ ತಮ್ಮ ಯಂತ್ರವನ್ನ ಕನ್ನಡದಲ್ಲಿ ಇಟ್ಟುಕೊಳ್ಳೋಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಇಷ್ಟಾದ ಮೇಲೂ ಲ್ಯಾಪ್‌ಟಾಪ್ ಒರೆಸೋಕೆ ಅವಸರ ಬೇಡ. ವರ್ಚುವಲ್ ಮಷೀನ್‌ಗೆ ನಿಮ್ಮ ವೈಫೈ ಕೂಡ ತಂತಿಯ ನೆಟ್‌ವರ್ಕ್ ಥರ ಕಾಣುತ್ತೆ. ಅಲ್ಲಿ ನೆಟ್ ಬಂತು ಅಂದರೆ ನಿಜವಾದ ವೈಫೈ ಕಾರ್ಡ್ ಲಿನಕ್ಸ್‌ಗೆ ಒಗ್ಗುತ್ತೆ ಅಂತಲ್ಲ. ಕಾಗದಪತ್ರ ಬೇರೆ ಕಡೆ ಕಾಪಿ ಮಾಡಿ, ಪೆನ್‌ಡ್ರೈವಿನಿಂದ ಲೈವ್ ಆಗಿ ನಡೆಸಿ, ವೈಫೈ, ಸದ್ದು, ಪ್ರಿಂಟರ್ ನೋಡಿ, ಆಮೇಲೆ ಮನೆಯವರನ್ನ ಕೇಳಿ.