ಸಣ್ಣ ಪಣದ ಪೋಕರ್ ಮತ್ತು ಕಾಯಕದ ಅಳತೆ

ಕೇಡು ದೊಡ್ಡದಾಗಿ ಬಂದಾಗ ಮನುಷ್ಯನು ಎಚ್ಚರಗೊಳ್ಳುತ್ತಾನೆ. ಅದೇ ಕೇಡು ಚಿಕ್ಕದಾಗಿ, ನಗುನಗುತ್ತ, ಒಂದು ರಾತ್ರಿಯ ಮನರಂಜನೆಯ ವೇಷ ತೊಟ್ಟು ಬಂದಾಗ ಬಾಗಿಲು ತೆರೆದು ಒಳಗೆ ಕರೆಯುತ್ತಾನೆ. ಹೊಲ ಮನೆ ಮಾರಿ ಜೂಜಾಡಿದವನನ್ನು ಕಂಡು ಲೋಕವು ಮರುಗುತ್ತದೆ. ಆದರೆ ವರ್ಷಕ್ಕೊಮ್ಮೆ ಗೆಳೆಯರೊಡನೆ ಗೋವಾಕ್ಕೆ ಹೋಗಿ, ಕ್ಯಾಸಿನೊ ಹಡಗಿನಲ್ಲಿ ಒಂದು ರಾತ್ರಿ ಸಣ್ಣ ಪಣದ ಪೋಕರ್ ಆಡಿ ಬರುವ ಸದ್ಗೃಹಸ್ಥನನ್ನು ಯಾರೂ ಜೂಜುಕೋರನೆನ್ನುವುದಿಲ್ಲ. ಅವನೂ ತನ್ನನ್ನು ಹಾಗೆ ಭಾವಿಸುವುದಿಲ್ಲ. ಅವನ ಸಮಾಧಾನಕ್ಕೆ ಮೂರು ಮಾತುಗಳು ಸದಾ ಸಿದ್ಧವಾಗಿರುತ್ತವೆ: ಪಣ ಸಣ್ಣದು, ಆಟ ಬುದ್ಧಿಯದು, ಹಣ ಸ್ವಂತದ್ದು. ಈ ಮೂರು ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡುವುದು ಸದ್ಭಕ್ತರಿಗೆ ಉಚಿತವಾದ ವಿಚಾರ.

ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಜೂಜು ಕಾಯ್ದೆ 1976ರಲ್ಲಿ ಬಂದಿತು. ಅದಕ್ಕೆ 1992ರಲ್ಲಿ ತಂದ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜುಯಂತ್ರಗಳಿಗೆ ಅವಕಾಶ ಕೊಟ್ಟಿತು. 1996ರ ತಿದ್ದುಪಡಿ ಹಡಗುಗಳ ಮೇಲೆ ಇಸ್ಪೀಟಿನ ಟೇಬಲ್ಲುಗಳಿಗೂ ದಾರಿ ತೆರೆಯಿತು. ಇಂದು ಪಣಜಿಯ ದಡದಿಂದ ಸಣ್ಣ ದೋಣಿಗಳು ಜನರನ್ನು ಮಾಂಡೋವಿ ನದಿಯ ನಡುವೆ ನಿಂತ ಆ ಹಡಗುಗಳಿಗೆ ಕೊಂಡೊಯ್ಯುತ್ತವೆ. ಈ ಮಾಂಡೋವಿಯೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ. ನದಿಯಂತೆಯೇ ಹಣವೂ ಘಟ್ಟವಿಳಿದು ಅತ್ತ ಹರಿಯುತ್ತಿದೆ. ಶನಿವಾರದ ಸಂಜೆ ಚೋರ್ಲಾ ಘಾಟಿನಲ್ಲಿ ಕರ್ನಾಟಕದ ವಾಹನಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಹಡಗುಗಳಿಗೆ ಇಂಬು ಕೊಟ್ಟ ಗೋವಾ ಸರ್ಕಾರವೇ 2020ರ ಫೆಬ್ರುವರಿಯಿಂದ ತನ್ನ ರಾಜ್ಯದ ನಿವಾಸಿಗಳು ಅಲ್ಲಿ ಆಡಕೂಡದೆಂದು ನಿರ್ಬಂಧ ವಿಧಿಸಿತು. ತನ್ನ ಮಕ್ಕಳಿಗೆ ಬೇಡವಾದುದನ್ನು ನೆರೆಯವರ ಮಕ್ಕಳಿಗೆ ಬಡಿಸುವ ಊಟ ಎಂಥದೆಂಬುದನ್ನು ಅತಿಥಿಯೇ ಯೋಚಿಸಬೇಕು.

ಆ ರಾತ್ರಿಯ ಆಟದ ಸ್ವರೂಪ ಹೀಗಿದೆ. ಒಂದು ಟೇಬಲ್ಲಿನ ಸುತ್ತ ಒಂಬತ್ತು ಜನ. ಪ್ರತಿಯೊಬ್ಬನಿಗೆ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಅನಂತರ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲಿಯೂ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆ ಚೆಲ್ಲಿ ಹಿಂದೆ ಸರಿಯಬಹುದು. ಎಲೆ ಕಾಣುವ ಮೊದಲೇ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಸ್ವಲ್ಪ ಪಣ ಇಡಬೇಕು. ಇದಕ್ಕೆ ಬ್ಲೈಂಡ್ ಎನ್ನುತ್ತಾರೆ. ಬ್ಲೈಂಡು ನೂರು, ಇನ್ನೂರು ರೂಪಾಯಿಯಾದರೆ ಅದು ಸಣ್ಣ ಪಣದ ಟೇಬಲ್ಲು. ಅಂದರ್ ಬಾಹರ್‌ನಲ್ಲಿ ಆಟಗಾರನು ಕ್ಯಾಸಿನೊದ ಎದುರು ಆಡುತ್ತಾನೆ, ಪೋಕರಿನಲ್ಲಿ ಹಾಗಲ್ಲ. ಇಲ್ಲಿ ಆಟಗಾರರು ಪರಸ್ಪರರ ಎದುರು ಆಡುತ್ತಾರೆ. ಕ್ಯಾಸಿನೊ ಆಡುವುದೇ ಇಲ್ಲ; ಅದು ಪ್ರತಿ ಆಟದ ರಾಶಿಯಿಂದ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಈ ಪಾಲಿಗೆ ರೇಕ್ ಎಂದು ಹೆಸರು.

ಈಗ ಮೊದಲನೆಯ ಮಾತು, ಪಣ ಸಣ್ಣದು ಎಂಬುದು. ಒಂದು ಮಾದರಿ ಲೆಕ್ಕವನ್ನು ಹಾಕಬಹುದು. ಒಂಬತ್ತು ಜನ ತಲಾ 20,000 ರೂಪಾಯಿ ತಂದರೆ ಟೇಬಲ್ಲಿನ ಮೇಲೆ 1,80,000 ರೂಪಾಯಿ. ಎದುರುಬದುರು ಕುಳಿತು ಆಡುವ ಪೋಕರಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 30 ಆಟ ನಡೆಯುತ್ತವೆ. ಪ್ರತಿ ಆಟಕ್ಕೆ ಸರಾಸರಿ 200 ರೂಪಾಯಿ ರೇಕ್ ಹೋಯಿತೆಂದು ಇಟ್ಟುಕೊಂಡರೆ ಗಂಟೆಗೆ 6,000. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 48,000. ಬೆಳಗಾಗುವ ಹೊತ್ತಿಗೆ ಒಂಬತ್ತು ಜನರ ನಡುವೆ ಉಳಿದದ್ದು 1,32,000 ಮಾತ್ರ. ಯಾರು ಗೆದ್ದರು, ಯಾರು ಸೋತರು ಎಂಬ ಪ್ರಶ್ನೆಗೂ ಮೊದಲೇ ತಲಾ 5,333 ರೂಪಾಯಿ ಸೋರಿಹೋಗಿದೆ. ಎಲೆ ಹಂಚುವ ಡೀಲರಿಗೆ ಕೊಡುವ ಭಕ್ಷೀಸು ಬೇರೆ. ಸರ್ಕಾರದ ಪಾಲಂತೂ ಇದ್ದೇ ಇದೆ: ಕ್ಯಾಸಿನೊಗಳ ಮೇಲಿನ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 40ಕ್ಕೆ ಏರಿತು. ತೂತುಬಿದ್ದ ಕೊಡದಿಂದ ಒಂಬತ್ತು ಜನ ನೀರು ಹಂಚಿಕೊಳ್ಳಲು ಕುಳಿತಂತೆ ಇದು. ಒಬ್ಬಿಬ್ಬರ ಬಾಯಾರಿಕೆ ತೀರಬಹುದು. ಎಲ್ಲರದೂ ಎಂದಿಗೂ ತೀರದು. ಅಲ್ಲದೆ, ಸಣ್ಣದೆಂದು ಹೇಳಿದ ಆ 20,000 ರೂಪಾಯಿ ಅಸಂಖ್ಯಾತ ಕುಟುಂಬಗಳಿಗೆ ಒಂದು ತಿಂಗಳ ದುಡಿಮೆ ಎಂಬುದನ್ನೂ ಮರೆಯಲಾಗದು.

ಎರಡನೆಯದು, ಆಟ ಬುದ್ಧಿಯದು ಎಂಬ ಮಾತು. ಇದು ಪೂರ್ತಿ ಸುಳ್ಳಲ್ಲ. ಆದುದರಿಂದಲೇ ಹೆಚ್ಚು ಅಪಾಯಕಾರಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೇ ಕೌಶಲದ ಆಟಗಳಿಗೆ ವಿನಾಯಿತಿ ನೀಡಿದೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯನ್ನು ರಾಜ್ಯದ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಗುಜರಾತಿನ ಹೈಕೋರ್ಟಾದರೋ 2017ರಲ್ಲಿ ಪೋಕರನ್ನು ಜೂಜೆಂದೇ ಎಣಿಸಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಎಣಿಸದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹಡಗಿನ ಟೇಬಲ್ಲು ಆ ಕಾಯ್ದೆಯ ಹೊರಗಿದೆ. ಹೀಗೆ ಕಾನೂನಿನ ಗೆರೆ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಸರಿಯುತ್ತಲೇ ಬಂದಿದೆ. ಸರಿಯುವ ಗೆರೆಯನ್ನು ನಂಬಿ ಬಾಳನ್ನು ಕಟ್ಟಲಾಗದು.

ಗಣಿತ ಹೇಳುವುದನ್ನು ಕೇಳಬೇಕು. 52 ಎಲೆಗಳಲ್ಲಿ ಎರಡು ಎಕ್ಕ ಕೈಗೆ ಬರುವುದು 221 ಆಟಗಳಿಗೆ ಒಮ್ಮೆ. ಎಂಟು ಗಂಟೆಯ ರಾತ್ರಿಯಲ್ಲಿ ನಡೆಯುವುದು ಸುಮಾರು 240 ಆಟ. ಅಂದರೆ ಆ ಶ್ರೇಷ್ಠವಾದ ಕೈ ರಾತ್ರಿಗೆ ಹೆಚ್ಚುಕಡಿಮೆ ಒಂದೇ ಸಲ. ಎರಡು ಎಕ್ಕಗಳ ಎದುರು ಎರಡು ರಾಜರು ಬಂದರೂ, ಕೊನೆಯ ಎಲೆಯವರೆಗೆ ಆಡಿದರೆ ನೂರಕ್ಕೆ ಹದಿನೆಂಟರಷ್ಟು ಬಾರಿ ಎಕ್ಕದವನೇ ಸೋಲುತ್ತಾನೆ. ಬುದ್ಧಿ ಫಲ ಕೊಡುವುದು ಸಾವಿರಾರು ಆಟಗಳ ದೀರ್ಘ ಹಾದಿಯಲ್ಲಿ; ಒಂದೇ ರಾತ್ರಿಯಲ್ಲಿ ಆಳುವುದು ಎಲೆಯ ಬೀಳುವಿಕೆ. ವರ್ಷಕ್ಕೊಮ್ಮೆ ಆಡುವವನು ಗೆದ್ದರೆ ಅದನ್ನು ತನ್ನ ಬುದ್ಧಿಯೆನ್ನುತ್ತಾನೆ, ಸೋತರೆ ದುರದೃಷ್ಟವೆನ್ನುತ್ತಾನೆ. ಎರಡೂ ಮಾತು ಅವನನ್ನು ಮತ್ತೆ ಅದೇ ದೋಣಿಗೆ ಹತ್ತಿಸುತ್ತವೆ. ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗನು ಅಂತರ್ಜಾಲದ ಅಲ್ಪ ಶುಲ್ಕದ ಆಟದಿಂದ ಮೇಲೇರಿ, 2003ರಲ್ಲಿ ಲಾಸ್ ವೇಗಸ್‌ನ ವಿಶ್ವ ಸ್ಪರ್ಧೆಯಲ್ಲಿ 25 ಲಕ್ಷ ಡಾಲರ್ ಗೆದ್ದನು. ಅವನ ಕಥೆ ಜಗತ್ತಿಗೆಲ್ಲ ತಿಳಿಯಿತು. ಬರಿಗೈಯಲ್ಲಿ ಮರಳಿದವರ ಕಥೆಯನ್ನು ಹೇಳುವವರಿಲ್ಲ. ಮಹಾಭಾರತದ ಧರ್ಮರಾಯನಿಗೂ ಬೃಹದಶ್ವ ಮುನಿಯು ಪಗಡೆಯ ಮರ್ಮವಾದ ಅಕ್ಷಹೃದಯವನ್ನು ಕಲಿಸಿದನು. ಆದರೆ ಅದು ರಾಜ್ಯವನ್ನೂ ಮಾನವನ್ನೂ ಸೋತು ಕಾಡು ಸೇರಿದ ಮೇಲೆ.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ಒಳ್ಳೆಯ ಪೋಕರ್ ಆಟಗಾರನಲ್ಲಿ ಕೆಲವು ಸದ್ಗುಣಗಳು ಕಾಣುತ್ತವೆ. ಅವನು ಹತ್ತರಲ್ಲಿ ಎಂಟು ಕೈಗಳನ್ನು ಮೋಹವಿಲ್ಲದೆ ಚೆಲ್ಲುತ್ತಾನೆ. ಗೆದ್ದಾಗ ಹಿಗ್ಗುವುದಿಲ್ಲ, ಸೋತಾಗ ಕುಗ್ಗುವುದಿಲ್ಲ. ಕುಡಿಯದೆ, ಕೆರಳದೆ, ಗಂಟೆಗಟ್ಟಲೆ ಕಾಯುತ್ತಾನೆ. ಮೇಲ್ನೋಟಕ್ಕೆ ಇದು ಸಾಧಕನ ಸಂಯಮದಂತೆಯೇ ಇದೆ. ಆದರೆ ಸಂಯಮಕ್ಕೆ ಬೆಲೆ ಬರುವುದು ಅದು ಯಾವುದಕ್ಕಾಗಿ ಎಂಬುದರಿಂದ. ಕೊಕ್ಕರೆಯೂ ಒಂಟಿಕಾಲಿನಲ್ಲಿ ಅಲುಗಾಡದೆ ನಿಲ್ಲುತ್ತದೆ. ಅದನ್ನು ಯಾರೂ ತಪಸ್ಸೆನ್ನುವುದಿಲ್ಲ.

ಆ ಟೇಬಲ್ಲು ಕಣ್ಣಿಗೆ ಏನನ್ನು ಕಲಿಸುತ್ತದೆ ಎಂಬುದು ಹಣಕ್ಕಿಂತ ದೊಡ್ಡ ಪ್ರಶ್ನೆ. ಎದುರಿಗೆ ಕುಳಿತವನ ಬೆರಳು ನಡುಗಿದರೆ, ಉಸಿರು ಬಿಗಿಯಾದರೆ, ಮಾತು ಹೆಚ್ಚಿದರೆ ಅದನ್ನು ಗುರುತಿಸುವುದೇ ಅಲ್ಲಿನ ವಿದ್ಯೆ. ಯಾರು ಕುಡಿದಿದ್ದಾನೆ, ಯಾರು ಕಳೆದುಕೊಂಡದ್ದನ್ನು ಮರಳಿ ಪಡೆಯುವ ಆತುರದಲ್ಲಿದ್ದಾನೆ ಎಂಬುದನ್ನು ತಿಳಿದವನು ಜಾಣ. ಪ್ರವೇಶ ಶುಲ್ಕದಲ್ಲಿಯೇ ಊಟವೂ ಮದ್ಯವೂ ಸೇರಿರುವ ಕಡೆ ಇಂಥವರಿಗೆ ಕೊರತೆಯಿಲ್ಲ. ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಒಬ್ಬನ ಕೈ ನಡುಗುವುದನ್ನು ಕಂಡರೆ ಏನಾಯಿತೆಂದು ಕೇಳುವುದು ಮನುಷ್ಯತ್ವ. ಆ ಟೇಬಲ್ಲಿನಲ್ಲಿ ಮಾತ್ರ ನಡುಗುವ ಕೈಯನ್ನು ಕಂಡರೆ ಪಣ ಏರಿಸಬೇಕು. ಗೆಳೆಯರಾಗಿ ಒಂದೇ ಕಾರಿನಲ್ಲಿ ಹೋದವರು ಒಂದೇ ಟೇಬಲ್ಲಿಗೆ ಕುಳಿತಾಗ, ಒಬ್ಬನ ಗೆಲುವಿಗೆ ಇನ್ನೊಬ್ಬನ ಸೋಲಲ್ಲದೆ ಬೇರೆ ಮೂಲವಿಲ್ಲ. ದಯೆಯನ್ನೇ ಧರ್ಮದ ಬೇರೆಂದು ನಂಬಿದವನು ಒಂದು ರಾತ್ರಿಯ ಮಟ್ಟಿಗೆ ಆ ಬೇರನ್ನು ಹೊರಗಿಟ್ಟು ಒಳಗೆ ಹೋಗಬೇಕಾಗುತ್ತದೆ. ಹೊರಗಿಟ್ಟದ್ದನ್ನು ಬೆಳಿಗ್ಗೆ ಹಾಗೆಯೇ ಎತ್ತಿಕೊಳ್ಳಬಹುದೆಂಬುದಕ್ಕೆ ಯಾರ ಭರವಸೆಯಿದೆ?

ಮೂರನೆಯದು, ಹಣ ಸ್ವಂತದ್ದು ಎಂಬ ಮಾತು. ಕ್ಯಾಸಿನೊದಲ್ಲಿ ಮೊದಲು ನಡೆಯುವ ಕೆಲಸವೆಂದರೆ ಹಣವನ್ನು ಚಿಪ್ಸ್ ಎಂಬ ಬಣ್ಣದ ಬಿಲ್ಲೆಗಳಾಗಿ ಮಾರ್ಪಡಿಸುವುದು. ನೋಟಿನಲ್ಲಿ ಇನ್ನೂ ಸಂಬಳದ ದಿನದ ನೆನಪಿರುತ್ತದೆ, ಮಗುವಿನ ಶಾಲೆಯ ಶುಲ್ಕ ಕಣ್ಣಿಗೆ ಕಟ್ಟುತ್ತದೆ. ಬಿಲ್ಲೆಯಲ್ಲಿ ಅದಾವುದೂ ಇಲ್ಲ. ಐದು ನೂರರ ನೋಟನ್ನು ಎಣಿಸಿ ಕೊಡುವ ಕೈ, ಐದು ನೂರರ ಬಿಲ್ಲೆಯನ್ನು ಎಣಿಸದೆ ತಳ್ಳುತ್ತದೆ. ದುಡಿಮೆಯ ಗುರುತನ್ನು ಅಳಿಸಿದ ಮೇಲೆ ಹಣವು ಯಾರದೆಂದು ಕೇಳುವುದಾದರೂ ಹೇಗೆ?

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಹಿಂದಿರುಗಿಸಿ ಬರಲು ಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ಸೋಲಿಸಿ ತಂದದ್ದಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಅದು ಆ ದಿನದ ಕಾಯಕಕ್ಕೆ ಸಲ್ಲದ ಹೆಚ್ಚಳವೆಂಬುದೊಂದೇ ಅವರಿಗೆ ಸಾಕಾಗಿತ್ತು. ಹಾಗಿರುವಾಗ, ಬೆಳಗಿನ ಜಾವ ಗೆದ್ದ ಮೂವತ್ತು ಸಾವಿರದೊಡನೆ ಮನೆಗೆ ಬಂದವನಿಗೆ ಲಕ್ಕಮ್ಮನವರ ಪ್ರಶ್ನೆ ಇನ್ನಷ್ಟು ಕಠಿಣವಾಗಿ ಕೇಳಿಸಬೇಕು: ಇದು ಎಲ್ಲಿಂದ ಬಂದಿತು? ಇದಕ್ಕೆ ಪ್ರತಿಯಾಗಿ ಲೋಕಕ್ಕೆ ಏನು ಸಂದಿತು? ಒಂದು ಕಾಳು ಬೆಳೆಯಲಿಲ್ಲ, ಒಂದು ಗಜ ಬಟ್ಟೆ ನೇಯಲಿಲ್ಲ, ಒಬ್ಬ ರೋಗಿಯ ನೋವು ಶಮನವಾಗಲಿಲ್ಲ. ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹಣ ಸರಿಯಿತು, ನಡುವೆ ಕ್ಯಾಸಿನೊ ಒಂದು ಪಾಲನ್ನು ತೆಗೆದುಕೊಂಡಿತು. ಇಂಥ ಹಣವನ್ನು ದಾಸೋಹಕ್ಕೆ ಕೊಟ್ಟ ಮಾತ್ರಕ್ಕೆ ಅದರ ಮೂಲ ಶುದ್ಧವಾಗದು.

ಬಿತ್ತನೆ ಮಾಡುವ ರೈತನದೂ ಮಳೆಯೊಡನೆ ಆಡುವ ಜೂಜಲ್ಲವೆ, ವ್ಯಾಪಾರಿಯದೂ ಪಣವಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಮಂಜಸವಾದುದೇ. ಆದರೆ ರೈತನು ಗೆದ್ದರೆ ಊರು ಉಣ್ಣುತ್ತದೆ. ಅವನ ಗೆಲುವಿಗಾಗಿ ನೆರೆಹೊಲದವನು ಸೋಲಬೇಕಾಗಿಲ್ಲ. ಅವನು ಸೋತಾಗಲೂ ಅವನು ಉತ್ತ ನೆಲ ಉಳಿಯುತ್ತದೆ. ಅನಿಶ್ಚಯವನ್ನು ಎದುರಿಸಿ ದುಡಿಯುವುದು ಬೇರೆ, ಅನಿಶ್ಚಯವನ್ನೇ ಮಾರುವ ಅಂಗಡಿಗೆ ಹೋಗಿ ಕೊಳ್ಳುವುದು ಬೇರೆ.

ಗೋವಾಕ್ಕೆ ಹೋಗುವುದು ತಪ್ಪಲ್ಲ. ಕಡಲನ್ನು ನೋಡುವುದು, ಗೆಳೆಯರೊಡನೆ ನಕ್ಕು ನಲಿಯುವುದು ತಪ್ಪಲ್ಲ. ಮನೆಯಲ್ಲಿ ಪಣವಿಲ್ಲದೆ ಎಲೆ ಹಾಕಿ ಆಡಿದರೆ ಪೋಕರಿನ ಬುದ್ಧಿಯೆಲ್ಲವೂ ಅಲ್ಲಿಯೇ ದೊರೆಯುತ್ತದೆ. ಹಾಗೆ ಆಡಲು ಸಪ್ಪೆಯೆನಿಸಿದರೆ, ಆಕರ್ಷಣೆ ಬುದ್ಧಿಯದಲ್ಲ, ಪಣದ್ದೇ ಎಂಬುದನ್ನು ಆಡುವವನು ತಾನೇ ಕಂಡುಕೊಳ್ಳಬಹುದು. ಈ ಪರೀಕ್ಷೆಗೆ ಗುರುವೂ ಬೇಡ, ನ್ಯಾಯಾಲಯವೂ ಬೇಡ. ದೋಣಿ ಹತ್ತುವ ಮುನ್ನ ಪಣಜಿಯ ದಡದಲ್ಲಿ ನಿಂತು, ಕಿಸೆಯಲ್ಲಿರುವುದು ಎಷ್ಟು ದಿನದ ಬೆವರು ಎಂದು ಒಮ್ಮೆ ಎಣಿಸಿದರೆ ಸಾಕು. ಹಾಗೆ ಎಣಿಸಬಲ್ಲವನಿಗೆ ಹಿಂದಿರುಗುವ ದಾರಿಯೂ ಕಾಣುತ್ತದೆ.