ಚೆಂಬ್ರ ಹತ್ತಿದವರೆಲ್ಲ ಹಿಮಾಲಯಕ್ಕೆ ಸಿದ್ಧರೇ?

ಪುಲ್ಪಳ್ಳಿ: 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ನಿಂದ ಬಂದ ಸುದ್ದಿಯನ್ನು ಕನ್ನಡಿಗರು ಇನ್ನೂ ಮರೆತಿಲ್ಲ. ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಚಾರಣಕ್ಕೆ ಹೋಗಿದ್ದ 22 ಮಂದಿಯ ತಂಡ 14 ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ ಹಿಮಗಾಳಿಗೆ ಸಿಲುಕಿತು. 9 ಮಂದಿ ಪ್ರಾಣ ಕಳೆದುಕೊಂಡರು, 13 ಮಂದಿಯನ್ನು ರಕ್ಷಿಸಲಾಯಿತು. ಮೃತರಲ್ಲಿ 30ರ ಹರೆಯದವರೂ ಇದ್ದರು, 70 ದಾಟಿದವರೂ ಇದ್ದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹರಾಡೂನ್‌ಗೆ ಧಾವಿಸಿ ಬದುಕುಳಿದವರನ್ನು ಕರೆತರುವ ಏರ್ಪಾಡು ನೋಡಿಕೊಂಡರು.

ಆ ದುರಂತದಲ್ಲಿ ಸಾವಿಗೆ ಕಾರಣವಾದದ್ದು ಮುಖ್ಯವಾಗಿ ಚಳಿ ಮತ್ತು ಬಿರುಗಾಳಿ. ಆದರೆ ಆ ಎತ್ತರದಲ್ಲಿ ಗಾಳಿ ಬೀಸದಿದ್ದರೂ ಮನುಷ್ಯನನ್ನು ಕೆಡವುವ ಇನ್ನೊಂದು ಶತ್ರು ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಹವಾಮಾನ ವರದಿಯಲ್ಲೂ ಬರುವುದಿಲ್ಲ. ಅದರ ಹೆಸರು ಎತ್ತರದ ಕಾಯಿಲೆ.

ಗಡಿನಾಡಿನ ನಮಗೇಕೆ ಈ ಮಾತು? ಕಬಿನಿಯ ಈಚೆ ಪೆರಿಕ್ಕಲ್ಲೂರು, ಆಚೆ ಬೈರಕುಪ್ಪೆ, ಎರಡೂ ಕಡೆಯ ಯುವಕರು ಇಂದು ಲೇಹ್, ಮನಾಲಿ, ಕೇದಾರನಾಥ ಎಂದು ಹೊರಡುತ್ತಿದ್ದಾರೆ. "ನಾವು ಬೆಟ್ಟದಲ್ಲೇ ಹುಟ್ಟಿದವರು, ನಮಗೇನು ಭಯ?" ಎಂಬ ಧೈರ್ಯ ಅವರದು. ಈ ಧೈರ್ಯವೇ ಅಪಾಯಕಾರಿ.

ಲೆಕ್ಕ ನೋಡೋಣ. ವಯನಾಡು ಪ್ರಸ್ಥಭೂಮಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಿಂದ ಶುರುವಾಗುತ್ತದೆ. ಇಲ್ಲಿನ ಚೆಂಬ್ರ ಶಿಖರ 2,100 ಮೀಟರ್. ಇಡೀ ಕೇರಳದಲ್ಲೇ ಎತ್ತರವಾದ ಆನಮುಡಿ 2,695 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ನಮ್ಮ ಬೆಟ್ಟಗಳು ಮುಗಿಯುವ ಕಡೆ ಹಿಮಾಲಯದ ಸಮಸ್ಯೆ ಶುರುವಾಗುತ್ತದೆ. ಲೇಹ್ ಪಟ್ಟಣವೇ 3,500 ಮೀಟರ್, ಅಮರನಾಥ ಗುಹೆ 3,888 ಮೀಟರ್. ಚೆಂಬ್ರ ಹತ್ತಿದವನ ಕಾಲಿನ ಬಲ ಗೊತ್ತಾಗುತ್ತದೆಯೇ ಹೊರತು ಅವನ ದೇಹ ತೆಳು ಗಾಳಿಯನ್ನು ಹೇಗೆ ತಾಳುತ್ತದೆ ಎಂಬುದು ಗೊತ್ತಾಗುವುದಿಲ್ಲ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ. 21ರಷ್ಟೇ. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಲೇಹ್‌ನಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. 5,500 ಮೀಟರಿನಲ್ಲಿ ಅರ್ಧದಷ್ಟು. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ವ್ಯಾಯಾಮ ಮಾಡಿ ಗಟ್ಟಿಯಾದ ದೇಹಕ್ಕೂ ಇದರಲ್ಲಿ ರಿಯಾಯಿತಿ ಇಲ್ಲ. ವಾಸ್ತವವಾಗಿ ಗಟ್ಟಿಮುಟ್ಟಾದ ಯುವಕರೇ ಬೇಗ ಬೇಗ ಹತ್ತಿ ಬೇಗ ತೊಂದರೆಗೆ ಸಿಲುಕುವುದುಂಟು.

ಈ ಪಾಠವನ್ನು ಜಗತ್ತಿಗೆ ಕಲಿಸಿದವರಲ್ಲಿ ನಮ್ಮ ಸೇನೆಯೂ ಒಂದು. ಬಯಲು ಸೀಮೆಯಿಂದ ಏಕಾಏಕಿ ಹಿಮಾಲಯಕ್ಕೆ ಹೋದ ಸೈನಿಕರಲ್ಲಿ ಎಷ್ಟೋ ಮಂದಿ ಕಾಯಿಲೆ ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂತಹ 1,925 ಸೈನಿಕರ ಅಧ್ಯಯನವನ್ನು 1969ರಲ್ಲಿ ಪ್ರಕಟಿಸಿದರು. ಸೇನೆ ರೂಢಿಸಿಕೊಂಡ ಕ್ರಮದಲ್ಲಿ ಸೈನಿಕ ಮೊದಲು 9ರಿಂದ 12 ಸಾವಿರ ಅಡಿಯಲ್ಲಿ 6 ದಿನ ಕಳೆಯಬೇಕು. 15 ಸಾವಿರ ಅಡಿವರೆಗೆ ಮತ್ತೆ 4 ದಿನ, ಅದರಾಚೆಗೆ ಇನ್ನೂ 4 ದಿನ. ಒಟ್ಟು ಎರಡು ವಾರ! ನಮ್ಮ ಚಾರಣಿಗರಿಗೆ ಸಿಗುವ ರಜೆಯೇ ಒಂದು ವಾರ. ಹೋಗಿಬರುವ ರೈಲಿಗೋ ವಿಮಾನಕ್ಕೋ ಎರಡು ದಿನ ಕಳೆದರೆ ಉಳಿಯುವುದು ಐದು ದಿನ. ಪ್ಯಾಕೇಜ್ ಮಾರುವವರು ಆ ಐದು ದಿನಕ್ಕೆ ತಕ್ಕಂತೆ ಬೆಟ್ಟವನ್ನು ಕತ್ತರಿಸಿ ಕೊಡುತ್ತಾರೆ. ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಇನ್ನು ವಯನಾಡಿನವರು ವಿಶೇಷವಾಗಿ ತಿಳಿದಿರಬೇಕಾದ ಒಂದು ಅಂಶವಿದೆ. ಸಿಕಲ್ ಸೆಲ್ ರಕ್ತಹೀನತೆ, ಮಲಯಾಳದಲ್ಲಿ ಹೇಳುವ ಅರಿವಾಳ್ ರೋಗ, ನಮ್ಮ ಜಿಲ್ಲೆಯ ಪಣಿಯ, ಅಡಿಯ, ಕುರುಮ, ಕುರಿಚ್ಯ ಸಮುದಾಯಗಳಲ್ಲಿ ಮತ್ತು ವಯನಾಡನ್ ಚೆಟ್ಟಿಗಳಲ್ಲಿ ಕಂಡುಬರುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುವುದು ಈ ರೋಗದ ಸ್ವಭಾವ. ಆದ್ದರಿಂದ ರೋಗಿಗಳಿಗೆ ಹೆಚ್ಚಿನ ಎತ್ತರ ಬಹಳ ಅಪಾಯಕಾರಿ. ಗಮನಿಸಬೇಕಾದ ಸಂಗತಿಯೆಂದರೆ, ರೋಗವಿಲ್ಲದೆ ಕೇವಲ ವಾಹಕರಾಗಿರುವವರು ಊರಲ್ಲಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅಂಥವರಿಗೂ ಎತ್ತರದಲ್ಲಿ ಗುಲ್ಮಕ್ಕೆ ರಕ್ತ ಹರಿಯುವುದು ನಿಂತು ಹೊಟ್ಟೆಯ ಎಡ ಮೇಲ್ಭಾಗದಲ್ಲಿ ತೀವ್ರ ನೋವು ಬರುವುದುಂಟು. ಕುಟುಂಬದಲ್ಲಿ ಯಾರಿಗಾದರೂ ಈ ರೋಗವಿದ್ದರೆ ರಕ್ತಪರೀಕ್ಷೆ ಮಾಡಿಸದೆ ಹಿಮಾಲಯಕ್ಕೆ ಹೊರಡಬಾರದು. 2023ರ ಜುಲೈಯಲ್ಲಿ ಕೇಂದ್ರ ಸರಕಾರ ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿದೆ. ಪರೀಕ್ಷೆಗೆ ನಾಚಿಕೆ ಪಡುವ ಕಾರಣವೇ ಇಲ್ಲ.

ಕಾಯಿಲೆಯನ್ನು ಗುರುತಿಸುವುದು ಹೇಗೆ? ಎತ್ತರಕ್ಕೆ ಹೋದ ಮೊದಲ ದಿನವೇ ತಲೆನೋವು, ಅದರ ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಕಂಡರೆ ಬೇರೆ ಕಾರಣ ಹುಡುಕಬೇಡಿ, ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ಆ ದಿನ ಮತ್ತೆ ಮೇಲೇರಬಾರದು. ಸುಮ್ಮನೆ ಕುಳಿತಿದ್ದರೂ ಏದುಸಿರು, ನಿಲ್ಲದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಕುಡಿದವನಂತೆ ತೂರಾಡಿದರೆ, ಮಾತು ಅಸಂಬದ್ಧವಾದರೆ ಮಿದುಳು ಊದಿಕೊಳ್ಳುತ್ತಿದೆ. ಈ ಎರಡಕ್ಕೂ ಮುಖ್ಯ ಮದ್ದು ಒಂದೇ: ರಾತ್ರಿಯಾಗಿದ್ದರೂ ಕೂಡಲೇ ಕೆಳಗಿಳಿಸುವುದು. ಆಮ್ಲಜನಕ ಸಿಲಿಂಡರ್ ಇದ್ದರೆ ಕೊಡಬೇಕು, ಆದರೆ ಸಿಲಿಂಡರ್ ಇದೆಯೆಂದು ಇಳಿಯುವುದನ್ನು ಮುಂದೂಡಬಾರದು. ರೋಗಿಯನ್ನು ಒಬ್ಬನನ್ನೇ ಕಳಿಸಲೂಬಾರದು.

ತಡೆಯುವ ದಾರಿಯೂ ಸರಳ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಇರಬೇಕು. ಮದ್ಯ ಮತ್ತು ನಿದ್ದೆ ಮಾತ್ರೆ ಬೇಡ. ಡೈಯಾಮಾಕ್ಸ್ ಎಂಬ ಮಾತ್ರೆ ಸಹಾಯಕವೇನೋ ಹೌದು, ಆದರೆ ಗೆಳೆಯ ಕೊಟ್ಟನೆಂದು ನುಂಗುವಂಥದ್ದಲ್ಲ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು.

ಸರಕಾರಗಳ ಹೊಣೆ ಏನು? ಅಮರನಾಥ ಯಾತ್ರಿಗಳಿಗೆ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. 2025ರಲ್ಲಿ ಮತ್ತೆ ಶುರುವಾದ ಕೈಲಾಸ ಮಾನಸ ಸರೋವರ ಯಾತ್ರೆಗೆ ದಿಲ್ಲಿಯಲ್ಲಿ ವೈದ್ಯಕೀಯ ತಪಾಸಣೆಯಾಗುತ್ತದೆ, ತೇರ್ಗಡೆಯಾಗದವರು ವಾಪಸ್. ದೇವರ ಬಳಿಗೆ ಹೋಗುವವರಿಗೆ ಇರುವ ಈ ಕಟ್ಟುನಿಟ್ಟು ಅಷ್ಟೇ ಎತ್ತರಕ್ಕೆ ಹಣ ಕೊಟ್ಟು ಹೋಗುವ ಎಲ್ಲ ಚಾರಣಿಗರಿಗೂ ಏಕಿರಬಾರದು?

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ? ವಿಶ್ರಾಂತಿಯ ದಿನ ಯಾವುದು? ಒಬ್ಬರಿಗೆ ಹುಷಾರು ತಪ್ಪಿದರೆ ಅವರನ್ನು ಯಾರು ಇಳಿಸುತ್ತಾರೆ? ಸರಿಯಾದ ಉತ್ತರ ಸಿಗದಿದ್ದರೆ ಆ ತಂಡ ಬೇಡ. ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮನೆಯಲ್ಲಿ ಕಾಯುವವರಿಗೆ ನೀವು ಹತ್ತಿದಿರೋ ಇಲ್ಲವೋ ಮುಖ್ಯವಲ್ಲ, ಇಳಿದು ಬಂದಿರೇ ಎಂಬುದಷ್ಟೇ ಮುಖ್ಯ.